ಶ್ರೀರಂಗಪಟ್ಟಣದಲ್ಲಿ ಪೇತ್ರನ ನೆನಪು



ಬೈಬಲಿನ ಕಾಲವನ್ನು ಆರಿಸಿಕೊಂಡು ರಚಿತವಾದ ಕಾದಂಬರಿಗಳು ಪಾಶ್ಚಾತ್ಯ ಸಾಹಿತ್ಯದಲ್ಲಿ ಬಹಳ. ಅಮೆರಿಕದ ಲ್ಯೂ ವಾಲೇಸನ ‘ಬೆನ್ ಹರ್’ ೧೮೮೦ರಲ್ಲಿ ಬಂದಿತು. ಪೋಲೆಂಡಿನ ಸಿಯೆನ್‌ಕೀವಿಚ್ ಬರೆದ ‘ಕ್ವೋ ವಾಡಿಸ್’ ೧೮೯೬ರಲ್ಲಿ ಪುಸ್ತಕವಾಯಿತು. ಇವು ಲಕ್ಷಾಂತರ ಜನ ಓದಿದ ಕೃತಿಗಳು. ಆದರೆ ಇಂಥ ಕೃತಿಗಳ ಮೇಲೆ ಒಂದು ಆಕ್ಷೇಪವುಂಟು. ಕಥೆಯ ಕೊನೆಗೆ ಯಾರು ಗೆಲ್ಲುತ್ತಾರೆಂಬುದು ಓದುಗನಿಗೆ ಮೊದಲೇ ಗೊತ್ತು. ನಂಬಿದವನು ಎತ್ತರಕ್ಕೇರುತ್ತಾನೆ, ಸಂದೇಹಿಸಿದವನು ಕೊನೆಯ ಅಧ್ಯಾಯದಲ್ಲಿ ಮೊಣಕಾಲೂರುತ್ತಾನೆ. ಸಂದೇಹವೆಂಬುದು ನಂಬಿಕೆಯ ದಾರಿಯಲ್ಲಿ ದಾಟಿ ಹೋಗಬೇಕಾದ ಒಂದು ಹಳ್ಳ ಮಾತ್ರ ಎಂಬಂತೆ ಲೇಖಕ ನಡೆದುಕೊಳ್ಳುತ್ತಾನೆ.

ಇದು ಬೈಬಲಿಗೆ ನ್ಯಾಯವೇ, ಎಂಬುದು ನನ್ನ ಪ್ರಶ್ನೆ. ಈ ಪ್ರಶ್ನೆಯನ್ನು ದೂರದ ಯೆರೂಸಲೇಮಿನಲ್ಲಿ ನಿಂತು ಕೇಳುವುದರ ಬದಲು ನಮ್ಮ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ನೆಲದಲ್ಲಿ ನಿಂತು ಕೇಳಿದರೆ ಉತ್ತರ ಹೆಚ್ಚು ಸ್ಪಷ್ಟವಾಗಿ ದೊರೆಯುತ್ತದೆಂದು ನನಗೆ ತೋರುತ್ತದೆ. ಕೆಲವರಿಗೆ ಇದು ವಿಚಿತ್ರವೆನಿಸೀತು. ರಂಗನಾಥನ, ಚೆಲುವನಾರಾಯಣನ ಸೀಮೆಗೂ ಗಲಿಲಾಯದ ಬೆಸ್ತರಿಗೂ ಏನು ಸಂಬಂಧ? ಸಂಬಂಧ ಉಂಟು, ಅದು ಹಳೆಯದು.

ಹದಿನೇಳನೆಯ ಶತಮಾನದ ನಡುಗಾಲದಲ್ಲಿ, ಕಂಠೀರವ ನರಸರಾಜ ಒಡೆಯರು ಶ್ರೀರಂಗಪಟ್ಟಣದಿಂದ ಆಳುತ್ತಿದ್ದಾಗ, ಲಿಯೊನಾರ್ದೊ ಚಿನ್ನಾಮಿ ಎಂಬ ಇಟಲಿಯ ಜೆಸ್ಯೂಟ್ ಪಾದ್ರಿ ಅಲ್ಲಿಗೆ ಬಂದನು. ಆತ ಕನ್ನಡವನ್ನು ಕಲಿತು ಕನ್ನಡದಲ್ಲಿಯೇ ತನ್ನ ಧರ್ಮದ ವಿಷಯ ಬರೆದನು. ಅನಂತರ ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಅವರ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಹಿರೋಡೆಯ ಬಂಡೆಗಳ ಬಳಿ ಬೀಡು ಬಿಟ್ಟರು. ಇಂದು ನಾವು ಪಾಂಡವಪುರವೆನ್ನುವ ಆ ಊರಿಗೆ ‘ಫ್ರೆಂಚ್ ರಾಕ್ಸ್’ ಎಂಬ ಹೆಸರು ಬಹುಕಾಲ ಉಳಿದಿದ್ದುದು ಅದರಿಂದಲೇ. ಆದರೆ ನಮ್ಮ ವಿಷಯಕ್ಕೆ ಬಹು ಮುಖ್ಯನಾದವನು ಇವರೆಲ್ಲರಿಗೂ ತರುವಾಯ ಬಂದ ಒಬ್ಬ ಫ್ರೆಂಚ್ ಪಾದ್ರಿ, ಅಬ್ಬೆ ದ್ಯುಬುವಾ.

ದ್ಯುಬುವಾ ೧೭೯೨ರಲ್ಲಿ ಇಂಡಿಯಕ್ಕೆ ಬಂದನು. ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿ ಚದುರಿ ಹೋಗಿದ್ದ ಕ್ರೈಸ್ತ ಸಮುದಾಯವನ್ನು ಮತ್ತೆ ಒಂದುಗೂಡಿಸುವ ಕೆಲಸ ಅವನ ಪಾಲಿಗೆ ಬಂದಿತು. ಗಂಜಾಮಿನ ಚರ್ಚಿನೊಡನೆ ಅವನ ಹೆಸರು ಇಂದಿಗೂ ಸೇರಿಕೊಂಡಿದೆ. ಆತ ಈ ನಾಡಿನ ಉಡುಪು ಉಟ್ಟು, ಈ ನಾಡಿನ ಊಟ ಉಂಡು ಬದುಕಿದವನು; ಸಿಡುಬು ಬಾರದಂತೆ ದೇವಿ ಹಾಕಿಸುವುದನ್ನು ಹಳ್ಳಿಗಳಲ್ಲಿ ಹರಡಲು ದುಡಿದವನು. ಜನ ಅವನನ್ನು ‘ದೊಡ್ಡಸ್ವಾಮಿ’ಗಳೆಂದು ಕರೆದರು. ಹಿಂದೂಗಳ ಆಚಾರ ವ್ಯವಹಾರಗಳನ್ನು ಕುರಿತ ಅವನ ಗ್ರಂಥ ೧೮೧೬ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಗಿ ಬಹು ಪ್ರಸಿದ್ಧಿ ಪಡೆಯಿತು. ಅದರ ಬಹುಭಾಗ ಅವನಿಗಿಂತ ಹಿಂದಿನ ಪಾದ್ರಿ ಕೂರ್ದು ಎಂಬವನ ಬರಹವನ್ನು ಆಧರಿಸಿದ್ದೆಂದು ಈಚಿನ ವಿದ್ವಾಂಸರು ತೋರಿಸಿದ್ದಾರೆ. ನನಗೆ ಬೇಕಾದದ್ದು ಆ ಗ್ರಂಥವಲ್ಲ. ಊರಿಗೆ ಮರಳಿದ ಮೇಲೆ ೧೮೨೩ರಲ್ಲಿ ಅವನು ಪ್ರಕಟಿಸಿದ, ಇಂಡಿಯದ ಕ್ರೈಸ್ತ ಧರ್ಮದ ಸ್ಥಿತಿಯನ್ನು ಕುರಿತ ಪತ್ರಗಳು.

ಆ ಪತ್ರಗಳು ನಿರಾಶನಾದ ಒಬ್ಬ ಭಕ್ತನ ಬರಹ. ಇಪ್ಪತ್ತೈದು ವರ್ಷ ದುಡಿದು ತಾನು ಮತಕ್ಕೆ ಸೇರಿಸಿಕೊಂಡವರು ಇನ್ನೂರು ಮುನ್ನೂರು ಮಂದಿ ಮಾತ್ರ, ಅವರಲ್ಲಿಯೂ ಶುದ್ಧ ನಂಬಿಕೆಯಿಂದ ಬಂದವರನ್ನು ಕಾಣೆ ಎಂದು ಆತ ಒಪ್ಪಿಕೊಂಡನು. ಈ ದೇಶದಲ್ಲಿ ಕ್ರೈಸ್ತಧರ್ಮ ಬೇರೂರಲಾರದೆಂದೂ, ಇಲ್ಲಿಯ ಭಾಷೆಗಳಿಗೆ ಬೈಬಲನ್ನು ಇದ್ದಂತೆ ತರ್ಜುಮೆ ಮಾಡಿ ಜನರ ಕೈಗೆ ಕೊಡುವುದು ವ್ಯರ್ಥವೆಂದೂ ಅವನ ವಾದ. ಅದಕ್ಕೆ ಅವನು ಕೊಡುವ ಒಂದು ನಿದರ್ಶನ ಸ್ವಾರಸ್ಯವಾಗಿದೆ.

ಒಂದು ಭಾನುವಾರ ಆತ ತನ್ನ ಸಭೆಗೆ ದುಂದುಗಾರ ಮಗನ ಕಥೆಯನ್ನು ವಿವರಿಸಿದನು. ಆಸ್ತಿಯ ಪಾಲನ್ನು ತೆಗೆದುಕೊಂಡು ಹೋಗಿ ಹಾಳು ಮಾಡಿ, ಹಸಿದು ಹಿಂದಿರುಗಿದ ಮಗನನ್ನು ತಂದೆ ಓಡಿ ಹೋಗಿ ಅಪ್ಪಿಕೊಳ್ಳುತ್ತಾನೆ. ಕೊಬ್ಬಿದ ಕರುವನ್ನು ಕೊಯ್ಯಿಸಿ ಔತಣ ಮಾಡಿಸುತ್ತಾನೆ. ಪ್ರವಚನ ಮುಗಿದ ಮೇಲೆ ಕೆಲವರು ಪಾದ್ರಿಯ ಬಳಿಗೆ ಬಂದು ಸಿಟ್ಟಿನಿಂದ ಆಕ್ಷೇಪಿಸಿದರು: ಕರುವಿನ ಮಾತನ್ನು ಎತ್ತಬಾರದಾಗಿತ್ತು, ಅನ್ಯಧರ್ಮೀಯರು ಯಾರಾದರೂ ಕೇಳಿದ್ದರೆ ನಮ್ಮ ಧರ್ಮವನ್ನು ಇನ್ನಷ್ಟು ಹೀನವೆಂದು ಎಣಿಸುತ್ತಿದ್ದರು, ಮುಂದೆ ಈ ಕಥೆಯನ್ನು ಹೇಳುವುದಾದರೆ ಕರುವಿನ ಬದಲು ಕುರಿಮರಿ ಎನ್ನಿ.

ದ್ಯುಬುವಾ ಇದನ್ನು ಈ ಕಥೆಗಳು ಇಲ್ಲಿ ಸಲ್ಲವೆಂಬುದಕ್ಕೆ ಸಾಕ್ಷಿಯಾಗಿ ಹೇಳಿದನು. ನನಗೆ ಇದು ತದ್ವಿರುದ್ಧವಾದ ಸಾಕ್ಷಿಯೆಂದು ತೋರುತ್ತದೆ. ಆ ಸಭಿಕರು ಕಥೆಯನ್ನು ಬೇಡವೆನ್ನಲಿಲ್ಲ. ಅದನ್ನು ನೆರೆಹೊರೆಯವರ ಎದುರಿಗೆ ನಾಚಿಕೆಯಿಲ್ಲದೆ ಹೇಳಿಕೊಳ್ಳುವಂತಾಗಬೇಕೆಂದು ಬಯಸಿದರು. ಕರು ಹೋಗಿ ಕುರಿಮರಿ ಬಂದರೆ ಕಥೆಗೆ ಏನು ಕುಂದು? ಅದರ ಜೀವ ಇರುವುದು ಔತಣದಲ್ಲಲ್ಲ; ಮಗ ಇನ್ನೂ ದೂರದಲ್ಲಿರುವಾಗಲೇ, ಅವನು ಕ್ಷಮೆಯ ಮಾತನ್ನು ಆಡುವ ಮುನ್ನವೇ, ಮುದುಕನಾದ ತಂದೆ ಓಡಿದ್ದರಲ್ಲಿ. ಆ ಓಟವನ್ನು ಬದಲಾಯಿಸಿರೆಂದು ಯಾರೂ ಕೇಳಲಿಲ್ಲ.

ಈ ತಂದೆಯ ಕಥೆಯನ್ನು ಹೇಳಿದ ಪಾದ್ರಿಯ ಮುಂದೆ, ದೂರ ಹೋಗಿ ಮರಳಿದ ಮಕ್ಕಳು ನಿಜವಾಗಿಯೇ ಬಂದು ನಿಂತಿದ್ದರು. ಅದನ್ನು ಈಗ ಹೇಳಬೇಕು.

೧೭೮೪ರಲ್ಲಿ ಟಿಪ್ಪು ಸುಲ್ತಾನನು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಯುದ್ಧದಲ್ಲಿ ಅವರು ಇಂಗ್ಲಿಷರಿಗೆ ನೆರವಾದರೆಂಬುದು ಅವನ ಆರೋಪ. ಸೆರೆಯಾದವರ ಸಂಖ್ಯೆಯನ್ನು ಮೂವತ್ತು ಸಾವಿರದಿಂದ ಅರವತ್ತು ಸಾವಿರದವರೆಗೆ ಬೇರೆ ಬೇರೆಯಾಗಿ ಹೇಳಿದ್ದಾರೆ. ದಾರಿಯಲ್ಲಿ ಸತ್ತವರು ಅನೇಕರು. ಬದುಕಿ ಬಂದವರಲ್ಲಿ ಅನೇಕರು ಒತ್ತಾಯದಿಂದ ಮತವನ್ನು ಬಿಡಬೇಕಾಯಿತು. ಹದಿನೈದು ವರ್ಷ ಅವರು ಬೇರೆ ಹೆಸರು, ಬೇರೆ ಆಚಾರಗಳಲ್ಲಿ ಬಾಳಿದರು. ೧೭೯೯ರಲ್ಲಿ ಸೆರೆ ಬಿಟ್ಟಾಗ ಉಳಿದವರಲ್ಲಿ ಹಲವರು ಕರಾವಳಿಗೆ ಮರಳಿದರು, ಕೆಲವರು ಇಲ್ಲಿಯೇ ಉಳಿದರು. ತಮ್ಮನ್ನು ಮತ್ತೆ ಸಭೆಗೆ ಸೇರಿಸಿಕೊಳ್ಳಿರೆಂದು ಕೇಳಿಕೊಂಡವರನ್ನು ಸೇರಿಸಿಕೊಂಡವನು ಇದೇ ದೊಡ್ಡಸ್ವಾಮಿ.

ಟಿಪ್ಪುವಿನ ವಿಚಾರದಲ್ಲಿ ನಮ್ಮಲ್ಲಿ ಬಿಸಿ ಚರ್ಚೆಗಳಾಗುತ್ತಲೇ ಇರುತ್ತವೆ. ನನ್ನ ಗಮನ ಇಲ್ಲಿ ಅರಸನ ಮೇಲಿಲ್ಲ. ತಲೆ ತಗ್ಗಿಸಿ ನಿಂತ ಆ ಸಾಮಾನ್ಯ ಜನರ ಮೇಲೆ. ದ್ಯುಬುವಾ ಪತ್ರಗಳಲ್ಲಿ ಇವರ ಸುದ್ದಿಯನ್ನು ಎತ್ತಿ ಕಠೋರವಾಗಿ ಮಾತನಾಡುತ್ತಾನೆ. ಇಷ್ಟು ಸಾವಿರ ಮಂದಿಯಲ್ಲಿ ತನ್ನ ನಂಬಿಕೆಯನ್ನು ಸಾರಿ ಪ್ರಾಣ ಕೊಡುವ ಧೈರ್ಯ ಒಬ್ಬನಿಗಾದರೂ ಇರಲಿಲ್ಲ, ಎಲ್ಲರೂ ಗುಂಪಾಗಿ ಧರ್ಮ ಬಿಟ್ಟರು ಎಂಬುದು ಅವನ ದೂರು. ೧೭೯೯ರಲ್ಲಿ ಅವರನ್ನು ಬರಮಾಡಿಕೊಂಡ ಕೈಗೂ ೧೮೨೩ರಲ್ಲಿ ಅವರನ್ನು ಹಳಿದ ಲೇಖನಿಗೂ ಎಷ್ಟು ಅಂತರ! ಅವನ ಕೈ ದುಂದುಗಾರ ಮಗನ ತಂದೆಯಂತೆ ನಡೆದುಕೊಂಡಿತು. ಲೇಖನಿ ಅದೇ ಕಥೆಯ ಹಿರಿಯ ಮಗನಂತೆ ಮನೆಯ ಹೊರಗೆ ನಿಂತು ಲೆಕ್ಕ ಕೇಳಿತು.

ಹೀಗೆ ಬರೆಯುವಾಗ ಅವನಿಗೆ ಪೇತ್ರನ ನೆನಪಾಗಲಿಲ್ಲವೆಂಬುದು ನನಗೆ ಆಶ್ಚರ್ಯದ ಸಂಗತಿ. ಯೇಸುವಿನ ಶಿಷ್ಯರಲ್ಲಿ ಅಗ್ರಗಣ್ಯ ಈ ಪೇತ್ರ. ಗುರುವನ್ನು ಹಿಡಿದು ಒಯ್ದ ರಾತ್ರಿ ಮಹಾಯಾಜಕನ ಅಂಗಳದಲ್ಲಿ ಚಳಿ ಕಾಯಿಸಿಕೊಳ್ಳುತ್ತ ನಿಂತಿದ್ದಾಗ ಒಬ್ಬ ದಾಸಿ ಅವನ ಗುರುತು ಹಿಡಿದಳು. ಅವಳ ಕೈಯಲ್ಲಿ ಕತ್ತಿಯಿರಲಿಲ್ಲ. ಆದರೂ ಅವನು ಆ ಮನುಷ್ಯನನ್ನು ತಾನರಿಯೆನೆಂದು ಮೂರು ಸಲ ನಿರಾಕರಿಸಿದನು. ಕೋಳಿ ಕೂಗಿತು, ಹೊರಗೆ ಹೋಗಿ ಅತ್ತನು. ನಾಲ್ಕು ಸುವಾರ್ತೆಗಳಲ್ಲಿಯೂ ಈ ಪ್ರಸಂಗವಿದೆ. ಸಭೆಯ ಮೊದಲ ನಾಯಕನ ಹೇಡಿತನವನ್ನು ಆ ಸಭೆಯ ಗ್ರಂಥವೇ ಮರೆಮಾಚಲಿಲ್ಲ.

ಯೋಹಾನನ ಸುವಾರ್ತೆಯಲ್ಲಿ ಇನ್ನೊಂದು ವಿವರವಿದೆ. ಪೇತ್ರ ಸುಳ್ಳಾಡಿದ್ದು ಕೆಂಡದ ಬೆಂಕಿಯ ಬಳಿ. ಅದೇ ಸುವಾರ್ತೆಯ ಕೊನೆಯಲ್ಲಿ, ಸರೋವರದ ದಡದಲ್ಲಿ, ಇನ್ನೊಂದು ಕೆಂಡದ ಬೆಂಕಿಯಿದೆ. ಅದರ ಮೇಲೆ ಮೀನು ಸುಡುತ್ತಿದೆ. ಎದ್ದು ಬಂದ ಗುರು ಶಿಷ್ಯರಿಗೆ ಉಣಬಡಿಸಿ, ತನ್ನ ಮೇಲೆ ಪ್ರೀತಿಯುಂಟೇ ಎಂದು ಪೇತ್ರನನ್ನು ಮೂರು ಸಲ ಕೇಳುತ್ತಾನೆ. ಏಕೆ ಸುಳ್ಳಾಡಿದೆ ಎಂದು ಒಂದು ಸಲವೂ ಕೇಳುವುದಿಲ್ಲ. ಮೂರು ನಿರಾಕರಣೆಗಳಿಗೆ ಮೂರು ಅವಕಾಶಗಳು, ಅಷ್ಟೆ. ಇಷ್ಟಾದರೂ ಪೇತ್ರನ ಅಂಜಿಕೆ ಹೋಗಲಿಲ್ಲವೆಂದೇ ಜನರ ಕಲ್ಪನೆ ಬಗೆಯಿತು. ‘ಕ್ವೋ ವಾಡಿಸ್’ ಎಂಬ ಹೆಸರಿನ ಹಿಂದಿರುವ ಐತಿಹ್ಯದಲ್ಲಿ ಅವನು ಮುದಿ ವಯಸ್ಸಿನಲ್ಲಿಯೂ ರೋಮಿನಿಂದ ತಪ್ಪಿಸಿಕೊಂಡು ಹೋಗುತ್ತಿರುತ್ತಾನೆ. ದಾರಿಯಲ್ಲಿ ಎದುರಾದ ಗುರುವನ್ನು ಕಂಡು ಹಿಂದಿರುಗುತ್ತಾನೆ.

ಶ್ರೀರಂಗಪಟ್ಟಣದ ಸೆರೆಯಾಳುಗಳ ಹದಿನೈದು ವರ್ಷಗಳು ಈ ಎರಡು ಬೆಂಕಿಗಳ ನಡುವಿನ ಕಾಲ. ಅವರ ಬಾಯಿ ಏನನ್ನು ಹೇಳಿತೆಂಬುದು ನಮಗೆ ಗೊತ್ತು. ಮನಸ್ಸು ಏನನ್ನು ಹೇಳಿಕೊಂಡಿತೆಂಬುದನ್ನು ಸರ್ಕಾರದ ಕಾಗದಪತ್ರಗಳು ಹೇಳಲಾರವು. ಅದನ್ನು ಊಹಿಸುವುದು ಕಥೆಗಾರನ ಕೆಲಸ. ಸ್ವೀಡನ್ನಿನ ಪೇರ್ ಲಾಗರ್‌ಕ್ವಿಸ್ಟ್ ೧೯೫೦ರಲ್ಲಿ ಬರೆದ ‘ಬರಬ್ಬ’ ಈ ಬಗೆಯ ಊಹೆಗೆ ಒಳ್ಳೆಯ ಮಾದರಿ. ಮರುವರ್ಷವೇ ಅವನಿಗೆ ನೊಬೆಲ್ ಪ್ರಶಸ್ತಿ ಬಂದಿತು. ಯೇಸುವಿನ ಬದಲಿಗೆ ಬಿಡುಗಡೆ ಹೊಂದಿದ ಕಳ್ಳನೇ ಅದರ ನಾಯಕ. ತನಗಾಗಿ ಇನ್ನೊಬ್ಬ ಸತ್ತನೆಂಬ ಭಾರವನ್ನು ಹೊತ್ತು ಅವನು ಬಾಳೆಲ್ಲ ಅಲೆಯುತ್ತಾನೆ. ನಂಬಬೇಕೆಂದು ಬಯಸುತ್ತಾನೆ, ಆದರೆ ನಂಬಲಾರನು. ಅವನೊಡನೆ ಒಂದೇ ಸರಪಳಿಗೆ ಬಿಗಿದಿದ್ದ ಸಾಹಕ್ ಎಂಬ ಗುಲಾಮ ಅಧಿಕಾರಿಯ ಮುಂದೆ ತನ್ನ ದೇವರನ್ನು ಬಿಡದೆ ಶಿಲುಬೆಗೇರುತ್ತಾನೆ. ಬರಬ್ಬ ತನಗೆ ದೇವರಿಲ್ಲವೆಂದು ಹೇಳಿ ಉಳಿದುಕೊಳ್ಳುತ್ತಾನೆ. ಲೇಖಕನ ಕಣ್ಣು ಕೊನೆಯವರೆಗೂ ಹುತಾತ್ಮನನ್ನು ಬಿಟ್ಟು ಉಳಿದುಕೊಂಡವನನ್ನೇ ಹಿಂಬಾಲಿಸುತ್ತದೆ. ಕೊನೆಗೆ ಕತ್ತಲಿನಲ್ಲಿ ಸಾಯುವಾಗ ಬರಬ್ಬ ತನ್ನ ಆತ್ಮವನ್ನು ಯಾರಿಗೆ ಒಪ್ಪಿಸಿದನು, ದೇವರಿಗೋ ಬರಿಯ ಕತ್ತಲಿಗೋ ಎಂಬುದನ್ನು ಕಾದಂಬರಿ ತೀರ್ಮಾನಿಸುವುದಿಲ್ಲ. ಹಿಂದೆ ನಾನು ಎತ್ತಿದ ಆಕ್ಷೇಪ ಈ ಪುಸ್ತಕಕ್ಕೆ ತಟ್ಟುವುದಿಲ್ಲ.

ಬೈಬಲು ಇಲ್ಲಿಯ ಭಾಷೆಗೆ ಒಗ್ಗದೆಂದ ದ್ಯುಬುವಾಗೆ ಕನ್ನಡ ಏನು ಉತ್ತರ ಕೊಟ್ಟಿತು? ಅವನು ತೀರಿಕೊಂಡದ್ದು ೧೮೪೮ರಲ್ಲಿ. ಅದಕ್ಕೆ ಮೊದಲೇ ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮೊದಲಾದವರ ದುಡಿಮೆಯಿಂದ ಬೈಬಲು ಕನ್ನಡಕ್ಕೆ ಬಂದಿತ್ತು. ಆದರೆ ನಿಜವಾದ ಉತ್ತರ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ, ಕ್ರೈಸ್ತರಲ್ಲದ ಕವಿಗಳಿಂದ. ಮಂಜೇಶ್ವರದ ಗೋವಿಂದ ಪೈಗಳು ೧೯೩೦ರ ದಶಕದಲ್ಲಿ ಪ್ರಕಟಿಸಿದ ‘ಗೊಲ್ಗೊಥಾ’ ಯೇಸುವಿನ ಕಡೆಯ ದಿನವನ್ನು ಕುರಿತ ಖಂಡಕಾವ್ಯ. ಬುದ್ಧನ ಕಡೆಯ ದಿನವನ್ನು ಕುರಿತ ‘ವೈಶಾಖಿ’ಯೂ ಅವರದೇ. ವೈಷ್ಣವ ಮನೆತನದ ಕವಿಯೊಬ್ಬರು ಹಳಗನ್ನಡದ ಬಿಗುವಿನಲ್ಲಿ ಪಿಲಾತನ ನ್ಯಾಯಸ್ಥಾನವನ್ನೂ ಶಿಲುಬೆಯ ದಾರಿಯನ್ನೂ ಹೇಳಿದರು. ಇಲ್ಲಿ ಯಾರನ್ನೂ ಮತಕ್ಕೆ ಸೇರಿಸುವ ಉದ್ದೇಶವಿಲ್ಲ, ಯಾರಿಂದಲೂ ನಂಬಿಕೆಯ ಲೆಕ್ಕ ಕೇಳುವುದಿಲ್ಲ.

ಪೈಗಳು ಪವಾಡಗಳ ದಿನವನ್ನಾಗಲಿ ಪುನರುತ್ಥಾನದ ದಿನವನ್ನಾಗಲಿ ಬಿಟ್ಟು ಕಡೆಯ ದಿನವನ್ನು ಆರಿಸಿಕೊಂಡದ್ದು ಗಮನಾರ್ಹ. ಆ ದಿನ ಶಿಷ್ಯರು ಓಡಿ ಹೋಗಿದ್ದಾರೆ. ಶಿಲುಬೆಯ ಮೇಲಿನಿಂದ, ದೇವರೇ ತನ್ನನ್ನು ಕೈಬಿಟ್ಟನೇ ಎಂಬ ಕೂಗು ಕೇಳಿಬರುತ್ತದೆ. ಅದು ಇಪ್ಪತ್ತೆರಡನೆಯ ಕೀರ್ತನೆಯ ಆರಂಭದ ಮಾತು. ಸುವಾರ್ತೆಯನ್ನು ಬರೆದವರು ಈ ಕೂಗನ್ನು ಅಳಿಸದೆ ಯೇಸುವಿನ ತಾಯ್ನುಡಿಯ ಶಬ್ದಗಳಲ್ಲಿಯೇ ಕಾಪಾಡಿದರು. ಮಾರ್ಕನ ಸುವಾರ್ತೆಯಲ್ಲಿ ರೋಗಿ ಮಗನ ತಂದೆಯೊಬ್ಬ ತನಗೆ ನಂಬಿಕೆಯುಂಟೆಂದೂ ತನ್ನ ಅಪನಂಬಿಕೆಗೆ ನೆರವಾಗಬೇಕೆಂದೂ ಒಂದೇ ಉಸಿರಿನಲ್ಲಿ ಬೇಡುತ್ತಾನೆ; ಅವನ ಮಗ ಗುಣ ಹೊಂದುತ್ತಾನೆ. ನಂಬಿಕೆಯ ಗ್ರಂಥವೇ ಸಂದೇಹಕ್ಕೆ ಇಷ್ಟು ಜಾಗ ಕೊಟ್ಟಿರುವಾಗ ಅದರಿಂದ ಹುಟ್ಟುವ ಕಥೆ ಅದಕ್ಕಿಂತ ಜಿಪುಣವಾಗಬಾರದು.

ಮಂಜೇಶ್ವರದಿಂದ ಮತ್ತೆ ನಮ್ಮ ಸೀಮೆಗೆ ಬರೋಣ. ಇಲ್ಲಿಯ ಬರಹಗಾರರು ತಮ್ಮ ಊರುಗಳನ್ನು ಹೆಸರಿನ ಮೊದಲಲ್ಲಿಯೇ ಹೊತ್ತವರು. ಬಿ. ಎಂ. ಶ್ರೀಕಂಠಯ್ಯನವರ ‘ಬಿ’ ನಾಗಮಂಗಲ ತಾಲ್ಲೂಕಿನ ಬೆಳ್ಳೂರು. ಅವರ ‘ಇಂಗ್ಲಿಷ್ ಗೀತಗಳು’ ಸಂಗ್ರಹದಿಂದ ಕನ್ನಡಿಗರ ನಾಲಗೆಯ ಮೇಲೆ ನೆಲೆಸಿದ ಕವಿತೆ ‘ಕರುಣಾಳು ಬಾ ಬೆಳಕೆ’. ಶಾಲೆಗಳಲ್ಲಿ ಎಲ್ಲ ಮತದ ಮಕ್ಕಳೂ ಅದನ್ನು ಹಾಡುತ್ತಾರೆ. ಮೂಲವನ್ನು ಬರೆದವನು ಜಾನ್ ಹೆನ್ರಿ ನ್ಯೂಮನ್. ೧೮೩೩ರಲ್ಲಿ, ಸಿಸಿಲಿಯಲ್ಲಿ ಕಾಯಿಲೆಯಿಂದ ನರಳಿ, ಊರಿಗೆ ಮರಳುವ ಹಡಗಿನಲ್ಲಿ. ಆಗ ಅವನು ಆಂಗ್ಲಿಕನ್ ಪಾದ್ರಿ. ಹನ್ನೆರಡು ವರ್ಷದ ಒಳತೋಟಿಯ ನಂತರ, ೧೮೪೫ರಲ್ಲಿ, ರೋಮನ್ ಸಭೆಗೆ ಸೇರಿದನು. ೨೦೧೯ರಲ್ಲಿ ಆ ಸಭೆ ಅವನನ್ನು ಸಂತನೆಂದು ಘೋಷಿಸಿತು. ನ್ಯೂಮನ್ ಆ ಕವಿತೆಗೆ ಕೊಟ್ಟ ಶೀರ್ಷಿಕೆಯ ಅರ್ಥ ‘ಮೇಘಸ್ತಂಭ’. ಐಗುಪ್ತದಿಂದ ಹೊರಟ ಇಸ್ರಾಯೇಲರಿಗೆ ಮರುಭೂಮಿಯಲ್ಲಿ ಹಗಲು ಮೋಡವಾಗಿ, ಇರುಳು ಬೆಂಕಿಯಾಗಿ ದಾರಿ ತೋರಿದ ಸ್ತಂಭ ಅದು. ಆ ನಲವತ್ತು ವರ್ಷಗಳಲ್ಲಿ ಆ ಜನ ಗೊಣಗಿದರು, ಹಿಂದಿರುಗಲು ಹವಣಿಸಿದರು, ಬಸವನನ್ನು ಎರಕ ಹೊಯ್ದು ಪೂಜಿಸಿದರು. ಆದರೂ ನಡೆಯುತ್ತಲೇ ಇದ್ದರು. ಕನ್ನಡದಲ್ಲಿ ಮೇಘಸ್ತಂಭದ ಹೆಸರು ಮರೆಯಾಗಿದೆ. ಕತ್ತಲು ಉಳಿದಿದೆ, ನಡೆಯುವವನು ಉಳಿದಿದ್ದಾನೆ. ಅವನು ಗುರಿಯನ್ನು ಕಾಣಬೇಕೆಂದು ಕೇಳುವುದಿಲ್ಲ. ಕಾಲಿಡುವಷ್ಟು ಬೆಳಕು ಕೇಳುತ್ತಾನೆ. ಕರುವಿನ ಬದಲಿಗೆ ಕುರಿಮರಿಯನ್ನು ಕೇಳಿದ ಸಭಿಕರು ಬಯಸಿದ್ದೂ ಇಂಥದ್ದನ್ನೇ: ತಮ್ಮ ನೆರೆಯವರೂ ಕೂಡಿ ಹಾಡಬಹುದಾದ ಮಾತನ್ನು.

ಆದರೆ ಬೆಳಕನ್ನು ಕೇಳಲೂ ಒಪ್ಪದ ಸಂದೇಹವಿದೆ. ಅದರ ಪ್ರತಿನಿಧಿಯೂ ಈ ಸೀಮೆಯವರೇ. ಎ. ಎನ್. ಮೂರ್ತಿರಾಯರು ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ ಹೇಮಾವತಿಯ ದಡದ ಅಕ್ಕಿಹೆಬ್ಬಾಳಿನವರು. ೧೯೦೦ರಲ್ಲಿ ಹುಟ್ಟಿದ ಅವರು ತೊಂಬತ್ತರ ಆಸುಪಾಸಿನಲ್ಲಿ ‘ದೇವರು’ ಎಂಬ ಪುಸ್ತಕವನ್ನು ಬರೆದು, ದೇವರಿದ್ದಾನೆಂದು ತಾವು ನಂಬಲಾರೆವೆಂದು ಸಮಾಧಾನದ ಧ್ವನಿಯಲ್ಲಿ ವಾದಿಸಿದರು. ಲೋಕದಲ್ಲಿ ಇಷ್ಟು ದುಃಖವಿರುವಾಗ ದಯಾಮಯನಾದ ಒಡೆಯನೊಬ್ಬನಿದ್ದಾನೆಂಬುದು ಹೇಗೆ ಹೊಂದೀತು? ಬೈಬಲಿನ ಯೋಬನ ಗ್ರಂಥದಲ್ಲಿ ಮಕ್ಕಳನ್ನೂ ಸಂಪತ್ತನ್ನೂ ಕಳೆದುಕೊಂಡು ಬೂದಿಯಲ್ಲಿ ಕುಳಿತ ಯೋಬ ದೇವರೊಡನೆ ವ್ಯಾಜ್ಯ ಹೂಡುವುದೂ ಇದೇ ಪ್ರಶ್ನೆಯಿಂದ. ದೇವರ ಪರವಾಗಿ ಜಾಣ ಮಾತುಗಳನ್ನಾಡಿದ ಗೆಳೆಯರ ಮೇಲೆ ಕೊನೆಗೆ ದೇವರೇ ಕೋಪಗೊಳ್ಳುತ್ತಾನೆ; ಯೋಬನೇ ತನ್ನ ವಿಷಯದಲ್ಲಿ ಸರಿಯಾಗಿ ಮಾತನಾಡಿದನೆನ್ನುತ್ತಾನೆ. ಮೂರ್ತಿರಾಯರು ಯೋಬನಂತೆ ಕೊನೆಗೆ ತಲೆಬಾಗಲಿಲ್ಲ. ಅವರ ಪ್ರಾಮಾಣಿಕತೆ ಮಾತ್ರ ಆ ಬೂದಿಯಲ್ಲಿ ಕುಳಿತವನದೇ. ಗಾಯವನ್ನು ಮುಟ್ಟಿ ನೋಡದೆ ನಂಬೆನೆಂದ ತೋಮನನ್ನೂ ಇಲ್ಲಿ ನೆನೆಯಬೇಕು. ಹನ್ನೆರಡು ಶಿಷ್ಯರಲ್ಲಿ ಇಂಡಿಯಕ್ಕೆ ಬಂದನೆಂದು ಐತಿಹ್ಯ ಹೇಳುವುದು ಆ ಸಂದೇಹಿಯನ್ನೇ.

ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಪು. ತಿ. ನರಸಿಂಹಾಚಾರ್ಯರು ಮೂರ್ತಿರಾಯರ ಸಮಕಾಲೀನರು. ಅವರು ಭಕ್ತಿಯ ಕವಿ. ಆದರೆ ಅವರ ‘ಗೋಕುಲ ನಿರ್ಗಮನ’ವನ್ನು ಓದಿದವರು ಬಲ್ಲರು: ಅಲ್ಲಿ ದೇವರು ಹೊರಟು ಹೋಗುತ್ತಾನೆ, ಉಳಿಯುವವರು ಉಳಿಯುತ್ತಾರೆ. ಸಮಾಧಿಗೆ ಕಲ್ಲು ಮುಚ್ಚಿದ ಮರುದಿನ, ಆ ಶನಿವಾರ, ಯೇಸುವಿನ ಜೊತೆಯವರು ಏನು ಮಾಡಿದರೆಂದು ಸುವಾರ್ತೆಗಳು ಹೆಚ್ಚು ಹೇಳುವುದಿಲ್ಲ. ಆ ಮೌನದ ದಿನ ಹೇಗಿದ್ದೀತೆಂದು ಯೋಚಿಸುವಾಗಲೆಲ್ಲ ನನಗೆ ಗೋಕುಲದವರ ನೆನಪಾಗುತ್ತದೆ. ಭಕ್ತನಾದ ಕವಿಯೂ ಬರಿದಾದ ಬೀದಿಯನ್ನು ಕಂಡಿದ್ದಾನೆ.

ಹೀಗೆ ನಾಲ್ಕು ತಾಲ್ಲೂಕುಗಳ ಒಳಗೇ ನಂಬಿಕೆ ಸಂದೇಹಗಳ ಹಲವು ಬಗೆಗಳು ಸಿಗುತ್ತವೆ: ಪ್ರಾಣಭಯದ ನಿರಾಕರಣೆ, ಕತ್ತಲಲ್ಲಿ ನಡೆಯುವವನ ಬೇಡಿಕೆ, ಬುದ್ಧಿಯ ಪ್ರಾಮಾಣಿಕ ನಿರಾಕರಣೆ, ಹಿಂದುಳಿದವರ ವಿರಹ. ಇವುಗಳಲ್ಲಿ ಮೊದಲನೆಯದಕ್ಕೇ ನಮ್ಮ ಸಾಹಿತ್ಯದ ಋಣ ಇನ್ನೂ ತೀರಿಲ್ಲವೆಂದು ನನ್ನ ಭಾವನೆ. ಕೊಂಕಣಿಯಲ್ಲಿ ವಿ. ಜೆ. ಪಿ. ಸಲ್ಡಾನ್ಹಾ ಅವರು ಆ ಸೆರೆಯ ಕಾಲವನ್ನು ಐತಿಹಾಸಿಕ ಕಾದಂಬರಿಗಳಿಗೆ ವಸ್ತುವಾಗಿ ತೆಗೆದುಕೊಂಡರು. ಕನ್ನಡದಲ್ಲಿ ಬೈಬಲ್ ಕಾಲದ ಕಥೆಯನ್ನು ಬರೆಯಬಯಸುವ ತರುಣರಿಗೆ ನನ್ನ ಸೂಚನೆ ಇಷ್ಟೆ: ಒಮ್ಮೆ ಗಂಜಾಮಿಗೆ ಹೋಗಿ ಬನ್ನಿ. ಪೇತ್ರನು ಅಂಗಳದಲ್ಲಿ ಏಕೆ ಸುಳ್ಳಾಡಿದನೆಂಬುದು ಆ ನೆಲದಲ್ಲಿ ತಲೆ ತಗ್ಗಿಸಿ ಬದುಕಿದವರನ್ನು ನೆನೆದರೆ ತಿಳಿಯುತ್ತದೆ. ಪ್ರಾಣ ಕೊಟ್ಟವರ ಕಥೆಯನ್ನು ಹೇಳಲು ಎಲ್ಲ ಮತಗಳಲ್ಲಿಯೂ ಜನರಿದ್ದಾರೆ. ಪ್ರಾಣ ಉಳಿಸಿಕೊಂಡು, ಮಕ್ಕಳನ್ನು ಸಾಕಿ, ಹದಿನೈದು ವರ್ಷದ ಮೇಲೆ ಮುಖ ಎತ್ತಿ ಮತ್ತೆ ಬಾಗಿಲು ತಟ್ಟಿದವರ ಕಥೆಯನ್ನು, ಅವರಿಂದ ಯಾವ ಲೆಕ್ಕವನ್ನೂ ಕೇಳದೆ, ಯಾರಾದರೂ ಹೇಳಬೇಕು.